ಗಾಯವೂ ಊತವೂ
ರೈತನ ಕಾಲಿಗೆ ಅಥವಾ ಎತ್ತಿನ ಹೆಗಲಿಗೆ ಪೆಟ್ಟಾದಾಗ ದೇಹವು ನಡೆಸುವ ಕೆಲಸ

ಬೇಸಾಯ ಮಾಡುವವರಿಗೆ ಗಾಯವಾಗದ ವರ್ಷವಿಲ್ಲ. ಉಳುಮೆಯಲ್ಲಿ ಜಾಲಿಯ ಮುಳ್ಳು, ಕೊಯ್ಲಿನಲ್ಲಿ ಕುಡುಗೋಲು, ಕಬ್ಬಿನ ಗದ್ದೆಯಲ್ಲಿ ಕೂಳೆ, ಕಣದಲ್ಲಿ ಎತ್ತಿನ ಗೊರಸು, ಹೀಗೆ ಯಾವುದಾದರೊಂದು ತಗಲುತ್ತಲೇ ಇರುತ್ತದೆ. ಇವುಗಳಿಗೆ ರೈತನು ಅಷ್ಟಾಗಿ ಅಂಜುವುದಿಲ್ಲ. ಮಾರನೆಯ ದಿನ ಗಾಯದ ಸುತ್ತ ಕೆಂಪಾಗಿ, ಊದಿಕೊಂಡು, ಬಿಸಿಯಾಗಿ ನೋಯತೊಡಗಿದಾಗ ಮಾತ್ರ “ನಂಜಾಯಿತು” ಎಂದು ಗಾಬರಿಗೊಂಡು, ಸಿಕ್ಕಿದ ಔಷಧವನ್ನೆಲ್ಲ ಪ್ರಯೋಗಿಸುತ್ತಾನೆ. ನಿಜವಾಗಿ ನಂಜಾದಾಗಲೋ, ನಾಳೆ ನೋಡಿದರಾಯಿತೆಂದು ತಡಮಾಡುತ್ತಾನೆ. ಈ ಎರಡು ತಪ್ಪುಗಳಿಗೂ ಮೂಲವೊಂದೇ. ಗಾಯವಾದ ಮೇಲೆ ಬರುವ ಊತವು ಏನೆಂಬುದನ್ನು ತಿಳಿಯದಿರುವುದೇ ಆ ಮೂಲ. ಊತವು ಬಹುಮಟ್ಟಿಗೆ ರೋಗವಲ್ಲ. ದೇಹವು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಕೆಲಸವೇ ಅದು. ಆ ಕೆಲಸ ಹೇಗೆ ನಡೆಯುತ್ತದೆ, ಯಾವಾಗ ಕೆಡುತ್ತದೆ, ಆಗ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಒಂದು ಉದಾಹರಣೆ

ಮೈಸೂರು ನಗರದ ದಕ್ಷಿಣ ಭಾಗದಲ್ಲಿ, ಚಾಮುಂಡಿ ಬೆಟ್ಟದ ಪಡುವಣ ಮಗ್ಗುಲಿಗೆ ವಿದ್ಯಾರಣ್ಯಪುರಂ ಇರುತ್ತದೆ. ನಗರದ ಕೊಳಚೆ ನೀರೂ ಕಸವೂ ಬಂದು ಸೇರುವ ಸ್ಥಳವು ಅಲ್ಲಿಯೇ ಇದ್ದು, ಜನರು ಅದನ್ನು ಸೂಯೆಜ್ ಫಾರಂ ಎಂದು ಕರೆಯುತ್ತಾರೆ. ಕಸವನ್ನು ಕೊಳೆಯಿಸಿ ಗೊಬ್ಬರ ಮಾಡುವ ಕಾರ್ಖಾನೆಯೂ ಅಲ್ಲಿಯೇ ಏರ್ಪಟ್ಟಿತು. ಪಟ್ಟಣದ ಕಸದ ಗೊಬ್ಬರದಿಂದ ಭೂಮಿಯ ಸಾರವು ಹೆಚ್ಚುವುದು ನಿಜ. ಆದರೆ ಎಷ್ಟು ಜರಡಿ ಹಿಡಿದರೂ ಇಂಥ ಗೊಬ್ಬರದಲ್ಲಿ ಗಾಜಿನ ಚೂರು, ತಗಡು, ಮೊಳೆ ಮುಂತಾದವು ಉಳಿದುಬಿಡುವ ಸಂಭವವುಂಟು. ನಂಜನಗೂಡು ರಸ್ತೆಯ ಕಡೆಯ ರೈತನೊಬ್ಬನು ಇಂತಹ ಗೊಬ್ಬರವನ್ನು ಹೊಲಕ್ಕೆ ಹರಡುತ್ತಿರುವಾಗ ಅವನ ಬರಿಗಾಲಿಗೆ ಗಾಜಿನ ಚೂರು ಹೊಕ್ಕಿತೆಂದು ಇಟ್ಟುಕೊಳ್ಳಬಹುದು. ಆ ಗಳಿಗೆಯಿಂದ ಅವನ ಪಾದದಲ್ಲಿ ನಡೆಯುವುದೇನು?

ಮೊದಲು ಕಡಿದುಹೋದ ಸಣ್ಣ ರಕ್ತನಾಳಗಳು ತಾವಾಗಿಯೇ ಮುದುಡಿಕೊಳ್ಳುತ್ತವೆ. ರಕ್ತದಲ್ಲಿರುವ ಕಿರುಬಿಲ್ಲೆಗಳೆಂಬ ಅತಿ ಸೂಕ್ಷ್ಮವಾದ ಕಣಗಳು ಒಡೆದ ಬಾಯಿಗೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವುಗಳ ಮೇಲೆ ನಾರಿನಂತಹ ಎಳೆಗಳು ಬಲೆಯಾಗಿ ಹೆಣೆದುಕೊಂಡು ರಕ್ತವು ಹೆಪ್ಪುಗಟ್ಟುತ್ತದೆ. ಕೆರೆಯ ಏರಿ ಒಡೆದಾಗ ಮೊದಲು ಸೊಪ್ಪು, ಮರಳಿನ ಚೀಲ, ಕಲ್ಲು ಹಾಕಿ ನೀರನ್ನು ತಡೆಯುವಂತೆಯೇ ಇದು. ಆದರೆ ಏರಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲವಷ್ಟೆ. ಊರಿಗೆ ಸುದ್ದಿ ಮುಟ್ಟಬೇಕು, ಆಳುಗಳು ಬರಬೇಕು, ಮಣ್ಣು ಬೀಳಬೇಕು. ದೇಹದಲ್ಲಿಯೂ ಹಾಗೆಯೇ.

2. ಕೆಂಪು, ಬಿಸಿ, ಊತ, ನೋವು

ಗಾಯಗೊಂಡ ಭಾಗದ ನಾಲ್ಕು ಲಕ್ಷಣಗಳನ್ನು ರೋಮ್ ದೇಶದ ಸೆಲ್ಸಸ್ ಎಂಬ ಗ್ರಂಥಕಾರನು ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟನು: ಕೆಂಪು, ಊತ, ಬಿಸಿ, ನೋವು. ಆ ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವುದೆಂಬ ಐದನೆಯ ಲಕ್ಷಣವನ್ನು ಮುಂದಿನ ವೈದ್ಯರು ಸೇರಿಸಿದರು. ಇವೆಲ್ಲ ಏಕೆ ಉಂಟಾಗುತ್ತವೆಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ.

ಚರ್ಮದ ಕೆಳಗೆ, ರಕ್ತನಾಳಗಳ ಮಗ್ಗುಲಲ್ಲಿ, ಊರ ತಳವಾರನಂತೆ ಸದಾ ಕಾವಲಿರುವ ಕೆಲವು ಜೀವಕೋಶಗಳುಂಟು. ಗಾಯವಾದೊಡನೆ ಇವು ತಮ್ಮಲ್ಲಿ ಕೂಡಿಟ್ಟುಕೊಂಡಿರುವ ಹಿಸ್ಟಮಿನ್ ಎಂಬ ದ್ರವ್ಯವನ್ನು ಕೆಲವೇ ನಿಮಿಷಗಳೊಳಗಾಗಿ ಹೊರಬಿಡುತ್ತವೆ. ಅದರಿಂದ ಸುತ್ತಲಿನ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ಅಗಲವಾದ ನಾಳಗಳಲ್ಲಿ ಹೆಚ್ಚು ರಕ್ತ ಹರಿಯುವುದರಿಂದ ಆ ಜಾಗವು ಕೆಂಪಾಗುತ್ತದೆ. ದೇಹದ ಒಳಭಾಗದ ಬಿಸಿ ರಕ್ತವು ಅಲ್ಲಿಗೆ ಬರುವುದರಿಂದ ಮುಟ್ಟಿದರೆ ಬಿಸಿಯಾಗಿ ತೋರುತ್ತದೆ. ನಾಳಗಳ ಗೋಡೆಯಲ್ಲಿ ಸಣ್ಣ ಸಂದುಗಳು ಬಿಟ್ಟುಕೊಂಡು, ರಕ್ತದ ನೀರಿನಂಶವು ಹೊರಕ್ಕೆ ಜಿನುಗುತ್ತದೆ. ತೂಬು ತೆಗೆದಾಗ ಕಾಲುವೆಯ ನೀರು ಗದ್ದೆಗೆ ಹಾಯುವಂತೆ, ಈ ನೀರು ಮಾಂಸದ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಇದೇ ಊತ. ಈ ನೀರು ವ್ಯರ್ಥವಾಗಿ ಬಂದದ್ದಲ್ಲ. ವಿಷವನ್ನು ತೆಳುವಾಗಿಸುವುದಕ್ಕೂ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಸ್ತುಗಳನ್ನು ಗಾಯದೊಳಕ್ಕೆ ಮುಟ್ಟಿಸುವುದಕ್ಕೂ ಅದು ಸಾಧನವಾಗಿದೆ.

ನೋವಿಗೆ ಬೇರೆ ಕಾರಣವುಂಟು. ಪೆಟ್ಟಾದ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಎಂಬ ಜಾತಿಯ ದ್ರವ್ಯಗಳನ್ನು ತಯಾರಿಸುತ್ತವೆ. ಇವು ನೋವಿನ ನರಗಳನ್ನು ಸೂಕ್ಷ್ಮವಾಗಿಸುವುದರಿಂದ, ಸಾಧಾರಣವಾಗಿ ಗಮನಕ್ಕೆ ಬಾರದಂತಹ ಸ್ಪರ್ಶವೂ ನೋವಾಗಿ ತೋರುತ್ತದೆ. ಈ ನೋವಿಗೂ ಪ್ರಯೋಜನವಿದೆ. ನೋವಿರುವ ಕಾಲನ್ನು ರೈತನು ಊರುವುದಿಲ್ಲ. ಊರದಿದ್ದರೆ ಕೂಡುತ್ತಿರುವ ಮಾಂಸವು ಮತ್ತೆ ಹರಿಯುವುದಿಲ್ಲ. ಇದೇ ಜಾತಿಯ ದ್ರವ್ಯಗಳು ಮಿದುಳಿನ ಉಷ್ಣವನ್ನು ನಿಯಂತ್ರಿಸುವ ಸ್ಥಾನದ ಮೇಲೆ ಕೆಲಸ ಮಾಡಿದಾಗ ಜ್ವರವು ಬರುತ್ತದೆ.

3. ಬಿಳಿಯ ರಕ್ತಕಣಗಳ ಆಗಮನ

ಅಷ್ಟರಲ್ಲಿ ಗಾಜಿನ ಚೂರಿನೊಡನೆ ಮಣ್ಣೂ ಅಸಂಖ್ಯ ಸೂಕ್ಷ್ಮಜೀವಿಗಳೂ ಪಾದದೊಳಕ್ಕೆ ಹೊಕ್ಕಿರುತ್ತವೆ. ಇವುಗಳನ್ನು ಎದುರಿಸುವವು ಬಿಳಿಯ ರಕ್ತಕಣಗಳು. ಆರೋಗ್ಯವಂತನಾದ ಮನುಷ್ಯನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000ದವರೆಗೆ ಇವು ಇರುತ್ತವೆ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ನ್ಯೂಟ್ರೊಫಿಲ್ ಎಂಬ ಜಾತಿಯವು. ಎಲುಬಿನ ಮಜ್ಜೆಯು ಇವನ್ನು ದಿನವೊಂದಕ್ಕೆ ಸುಮಾರು 10,000 ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಿಸುತ್ತದೆ.

ಗಾಯದ ಹತ್ತಿರದ ರಕ್ತನಾಳದ ಒಳಗೋಡೆಯು ಆಗ ಅಂಟಂಟಾಗುತ್ತದೆ. ರಭಸದಿಂದ ಹೋಗುತ್ತಿದ್ದ ಬಿಳಿಕಣಗಳು ಆ ಗೋಡೆಗೆ ತಗಲಿ, ಉರುಳುತ್ತಾ ನಿಧಾನವಾಗಿ, ಕೊನೆಗೆ ನಿಂತು, ಗೋಡೆಯ ಸಂದಿನಲ್ಲಿ ನುಸುಳಿ ಹೊರಕ್ಕೆ ಬರುತ್ತವೆ. ಜರ್ಮನಿಯ ಕೋನ್‌ಹೈಮ್ ಎಂಬ ವೈದ್ಯನು 1867ರಲ್ಲಿ ಜೀವಂತವಾದ ಕಪ್ಪೆಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದನ್ನು ಕಂಡು ವಿವರಿಸಿದನು. ಹೊರಬಂದ ಕಣಗಳು ಮಾಡುವುದೇನೆಂಬುದನ್ನು ತೋರಿಸಿದ್ದು ಒಂದು ಮುಳ್ಳು. 1882ರಲ್ಲಿ ರಷ್ಯಾ ದೇಶದ ಮೆಚ್ನಿಕಾಫ್ ಎಂಬ ಪಂಡಿತನು ಇಟಲಿಯ ಮೆಸ್ಸೀನಾ ಪಟ್ಟಣದಲ್ಲಿ, ಗಾಜಿನಂತೆ ಪಾರದರ್ಶಕವಾಗಿರುವ ನಕ್ಷತ್ರಮೀನಿನ ಮರಿಯ ದೇಹಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಮಾರನೆಯ ದಿನ ನೋಡಲಾಗಿ, ಅದರ ದೇಹದ ಚಲಿಸುವ ಕಣಗಳು ಮುಳ್ಳಿನ ಸುತ್ತಲೂ ಮುತ್ತಿಕೊಂಡಿದ್ದವು. ಜಾಲಿಯ ಮುಳ್ಳು ಮುರಿದ ರೈತನ ಕಾಲಿನಲ್ಲಿ ನಡೆಯುವುದೂ ಇದೇ. ಈ ಕಣಗಳು ಸೂಕ್ಷ್ಮಜೀವಿಗಳನ್ನು ನುಂಗಿ ಕರಗಿಸುತ್ತವೆಂಬ ಸಿದ್ಧಾಂತಕ್ಕಾಗಿ ಮೆಚ್ನಿಕಾಫನಿಗೆ 1908ರಲ್ಲಿ ಎರ್ಲಿಕ್ ಎಂಬ ಪಂಡಿತನೊಡನೆ ನೊಬೆಲ್ ಬಹುಮಾನವು ದೊರೆಯಿತು.

ನ್ಯೂಟ್ರೊಫಿಲ್‌ಗಳು ಕೆಲವು ಗಂಟೆಗಳಲ್ಲಿಯೇ ಗಾಯಕ್ಕೆ ಬಂದು, ಮೊದಲನೆಯ ಅಥವಾ ಎರಡನೆಯ ದಿನ ಅತ್ಯಧಿಕವಾಗಿರುತ್ತವೆ. ಹೋರಾಡಿ ಸತ್ತ ಬಿಳಿಕಣಗಳು, ಸತ್ತ ಸೂಕ್ಷ್ಮಜೀವಿಗಳು, ಕರಗಿದ ಮಾಂಸ ಇವೆಲ್ಲ ಸೇರಿದ್ದೇ ಕೀವು. ಎರಡು ಮೂರು ದಿನಗಳಾದ ಮೇಲೆ ಮಹಾಭಕ್ಷಕಗಳೆಂಬ ದೊಡ್ಡ ಕಣಗಳು ಹೆಚ್ಚಾಗಿ ಸೇರಿ, ಸತ್ತ ಕಣಗಳನ್ನೂ ಕೊಳೆಯನ್ನೂ ನುಂಗಿ ಜಾಗವನ್ನು ಶುಚಿಮಾಡುತ್ತವೆ.

4. ಆಳುಗಳು ಮನೆಗೆ ಹಿಂದಿರುಗುವುದು

ಏರಿ ಕಟ್ಟಲು ಬಂದ ಆಳುಗಳು ಕೆಲಸ ಮುಗಿದ ಮೇಲೆ ಹಿಂದಿರುಗಬೇಕು. ಹಿಂದಿರುಗದೆ ಅಲ್ಲಿಯೇ ನಿಂತರೆ ಊರಿನ ಕಣಜ ಬರಿದಾಗುತ್ತದೆ. ಊತವು ತಾನಾಗಿಯೇ ಆರಿಹೋಗುತ್ತದೆಂದು ಹಿಂದೆ ತಿಳಿದಿದ್ದರು. ಊತವನ್ನು ಇಳಿಸುವುದಕ್ಕೂ ದೇಹವು ಬೇರೆಯ ದ್ರವ್ಯಗಳನ್ನು ತಯಾರಿಸಿ, “ಇನ್ನು ಸಾಕು” ಎಂಬ ಆಜ್ಞೆಯನ್ನು ಕಳುಹಿಸುತ್ತದೆಂದು ಈಚಿನ ದಶಕಗಳ ಸಂಶೋಧನೆಯಿಂದ ಗೊತ್ತಾಗಿದೆ. ಹೊಸ ಬಿಳಿಕಣಗಳ ಬರವು ನಿಲ್ಲುತ್ತದೆ. ತುಂಬಿದ್ದ ನೀರನ್ನು ದುಗ್ಧನಾಳಗಳು ಬಸಿದು ಒಯ್ಯುತ್ತವೆ. ಕಾಲಿನ ಗಾಯಕ್ಕೆ ತೊಡೆಯ ಸಂದಿನಲ್ಲಿ ಗಂಟು ಕಟ್ಟುವುದು, ಈ ನಾಳಗಳ ದಾರಿಯಲ್ಲಿರುವ ಗ್ರಂಥಿಗಳು ಕೆಲಸದಲ್ಲಿ ತೊಡಗಿರುವುದರಿಂದಲೇ.

ಅನಂತರ ಗಾಯದ ತಳದಿಂದ ಕೆಂಪಾದ, ಹರಳುಹರಳಾದ ಹೊಸ ಮಾಂಸವು ಏಳುತ್ತದೆ. ಅಂಚಿನಿಂದ ಚರ್ಮವು ಹರಿದು ಬರುತ್ತದೆ. ನಾರು ಬಲಿತು ಕಲೆಯಾಗುತ್ತದೆ. ಮೇಲೆ ಮಾಯ್ದಂತೆ ಕಂಡರೂ ಒಳಗಿನ ಕೆಲಸವು ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ. ಸುಮಾರು ಮೂರು ತಿಂಗಳಾದ ಮೇಲೂ ಕಲೆಯ ಬಲವು ಮೊದಲಿನ ಚರ್ಮದ ಬಲದಲ್ಲಿ ನೂರಕ್ಕೆ 80ರಷ್ಟೇ ಆಗಿರುತ್ತದೆ.

ಗಾಜಿನ ಚೂರಾಗಲಿ, ಮುಳ್ಳಿನ ಮೊನೆಯಾಗಲಿ ಒಳಗೇ ಉಳಿದುಹೋದರೆ “ಸಾಕು” ಎಂಬ ಆಜ್ಞೆಗೆ ಅವಕಾಶವಾಗುವುದಿಲ್ಲ. ಬಿಳಿಕಣಗಳು ಅದನ್ನು ಕರಗಿಸಲಾರದೆ, ಅದರ ಸುತ್ತ ಗೋಡೆ ಕಟ್ಟುತ್ತಾ ಹೋಗುತ್ತವೆ. ವಾರಗಟ್ಟಲೆ ಮಾಯದೆ ಜಿನುಗುವ ಗಾಯದೊಳಗೆ ಏನೋ ಉಳಿದಿದೆಯೆಂದು ಶಂಕಿಸತಕ್ಕದ್ದು. ಅದನ್ನು ತೆಗೆಯಿಸಿದ ಹೊರತು ಯಾವ ಲೇಪನದಿಂದಲೂ ಅದು ಮಾಯುವುದಿಲ್ಲ.

5. ಎತ್ತಿನ ಹೆಗಲು

ದನಕರುಗಳ ದೇಹದಲ್ಲಿಯೂ ಕೆಲಸವು ಇದೇ ಕ್ರಮದಲ್ಲಿ ನಡೆಯುತ್ತದೆ. ಹಳ್ಳಿಕಾರ್, ಅಮೃತಮಹಲ್ ತಳಿಗಳಿಂದ ಹೆಸರಾದ ಮೈಸೂರು ಸೀಮೆಯಲ್ಲಿ ನೊಗದ ಬಾವನ್ನು ಕಾಣದ ರೈತನಿಲ್ಲ. ಎರಡು ಎತ್ತುಗಳ ಎತ್ತರವು ಸಮನಾಗಿಲ್ಲದಿದ್ದರೆ, ನೊಗವು ಒರಟಾಗಿದ್ದರೆ, ಗಾಡಿಯ ಭಾರವೆಲ್ಲ ಮುಂದಕ್ಕೆ ಬಿದ್ದಿದ್ದರೆ, ಮಳೆಯಲ್ಲಿ ನೆನೆದ ಹೆಗಲಿನ ಮೇಲೆ ನೊಗವಿಟ್ಟರೆ, ಚರ್ಮವು ಉಜ್ಜಿ ಒಳಮಾಂಸವು ಜಜ್ಜುತ್ತದೆ. ಕೆಲವು ಗಂಟೆಗಳಲ್ಲಿ ಹೆಗಲು ಬಿಸಿಯಾಗಿ ಊದುತ್ತದೆ.

ಈ ಬಿಸಿಯೂತವು, ದೇಹವು ರಿಪೇರಿಗೆ ಕೈಹಾಕಿದೆಯೆಂಬುದರ ಗುರುತು. ಆಗ ನೊಗವನ್ನು ಇಳಿಸಿ ಕೆಲವು ದಿನ ಬಿಡುವು ಕೊಟ್ಟರೆ ಬಹಳಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಬಿತ್ತನೆಯ ಹದ ತಪ್ಪೀತೆಂದು ಅದೇ ಹೆಗಲಿನ ಮೇಲೆ ನೊಗವಿಟ್ಟರೆ, ನಿತ್ಯವೂ ಹೊಸ ಗಾಯ, ನಿತ್ಯವೂ ಹೊಸ ಊತ. ಕೊನೆಗೆ ನಾರು ಬೆಳೆದು ಕಲ್ಲಿನಂತಹ ಗಡ್ಡೆಯಾಗುತ್ತದೆ, ಇಲ್ಲವೆ ಕೀವು ತುಂಬುತ್ತದೆ. ನಾಲ್ಕು ದಿನದ ಉಳುಮೆಯ ಆಸೆಗೆ ಇಡೀ ವರ್ಷದ ಎತ್ತನ್ನು ಕಳೆದುಕೊಂಡಂತಾಗುತ್ತದೆ. ಇಂತಹ ಹೊತ್ತಿನಲ್ಲಿ ಮುಯ್ಯಾಳಿನ ಪದ್ಧತಿಯಂತೆ ಒಬ್ಬರ ಎತ್ತನ್ನು ಇನ್ನೊಬ್ಬರಿಗೆ ಒದಗಿಸುವ ಏರ್ಪಾಡನ್ನು ಗ್ರಾಮದ ಯಜಮಾನರು ಮಾಡಿಸುವುದು ಬಹಳ ಉಪಕಾರ.

ಬಾವಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿಯು ಕೆಲವು ಕಡೆ ಕಂಡುಬಂದಿದೆ. ಬರೆಯೆಂಬುದು ಸುಟ್ಟ ಗಾಯವಲ್ಲದೆ ಬೇರೇನೂ ಅಲ್ಲ. ಒಂದು ಗಾಯವನ್ನು ವಾಸಿಮಾಡುತ್ತಿರುವ ದೇಹದ ಮೇಲೆ ಎರಡನೆಯ ಗಾಯವನ್ನು ಹೇರಿ, ಚರ್ಮದ ಕಾವಲನ್ನೂ ಒಡೆದಂತಾಗುತ್ತದೆ. ಬರೆಯ ಅನಂತರ ಎತ್ತಿಗೆ ಬಿಡುವು ಕೊಡುವುದರಿಂದ ಬಾವು ಇಳಿಯುವುದುಂಟು. ಗುಣಮಾಡಿದ್ದು ಬಿಡುವು, ಹೆಸರು ಬಂದದ್ದು ಬರೆಗೆ. ಆದಕಾರಣ ಈ ರೂಢಿಯನ್ನು ಬಿಡತಕ್ಕದ್ದು.

6. ಮಾಡತಕ್ಕದ್ದು ಮತ್ತು ಮಾಡಬಾರದ್ದು

(ಅ) ಗಾಯವನ್ನು ಮೊದಲು ಶುದ್ಧವಾದ ನೀರಿನಿಂದ ಐದು ಹತ್ತು ನಿಮಿಷ ಧಾರಾಳವಾಗಿ ತೊಳೆಯಬೇಕು. ಸುತ್ತಲಿನ ಚರ್ಮವನ್ನು ಸೋಪಿನಿಂದ ತೊಳೆಯಬೇಕು. ಬಿಳಿಕಣಗಳು ನುಂಗಬೇಕಾದ ಕೊಳೆಯನ್ನು ನೀರೇ ಒಯ್ದರೆ ಅವುಗಳ ಕೆಲಸ ಹಗುರವಾಗುತ್ತದೆ. ರಕ್ತವು ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

(ಆ) ಸಗಣಿ, ಮಣ್ಣು, ಬೂದಿ, ಸುಣ್ಣ, ನಶ್ಯ, ಕಾಫಿಪುಡಿ ಇವುಗಳನ್ನು ಗಾಯಕ್ಕೆ ಹಚ್ಚಬಾರದು. ಅರಿಸಿನದಲ್ಲಿರುವ ಹಳದಿಯ ದ್ರವ್ಯವು ಊತವನ್ನು ತಗ್ಗಿಸುವ ಗುಣವುಳ್ಳದ್ದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿರುವುದು ನಿಜ. ಆದರೆ ಅಡಿಗೆಮನೆಯ ಡಬ್ಬಿಯ ಪುಡಿಯು ಸೂಕ್ಷ್ಮಜೀವಿಗಳಿಲ್ಲದ ಔಷಧವಲ್ಲ. ತೊಳೆಯುವ ಕೆಲಸಕ್ಕೆ ಅದು ಬದಲಾಗಲಾರದು.

(ಇ) ಚರ್ಮ ಒಡೆಯದೆ ಉಳುಕಿ ಊದಿದ ಕಾಲಿಗೆ ಮೊದಲ ಎರಡು ದಿನ ತಣ್ಣೀರಿನ ಬಟ್ಟೆ ಹಾಕಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಬೇಕು. ಬಿಸಿಯೂತವನ್ನು ಎಣ್ಣೆ ಹಚ್ಚಿ ಬಲವಾಗಿ ನೀವಿಸಬಾರದು. ಆಗತಾನೆ ಕೂಡುತ್ತಿರುವ ನಾಳಗಳು ಮತ್ತೆ ಒಡೆಯುತ್ತವೆ.

(ಈ) ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪಿಸಬಾರದು. ಈ ರೋಗದ ಬೀಜಾಣುಗಳು ಮಣ್ಣಿನಲ್ಲಿಯೂ ಸಗಣಿ, ಲದ್ದಿಗಳಲ್ಲಿಯೂ ಬಹುಕಾಲ ಜೀವದಿಂದಿರುತ್ತವೆ. ತುಕ್ಕು ಹಿಡಿದ ಮೊಳೆಯಿಂದಲೇ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಮಣ್ಣು ಹತ್ತಿದ ಮುಳ್ಳೂ ಸಾಕು. ಈ ರೋಗದ ಅಪಾಯವೇನೆಂದರೆ, ಗಾಯವು ಊದದೆ, ಕೀವಾಗದೆ, ಮಾಯ್ದಂತೆ ಕಂಡರೂ, ಸಾಧಾರಣವಾಗಿ 3ರಿಂದ 21 ದಿನಗಳೊಳಗೆ ದವಡೆ ಕಚ್ಚಿಕೊಳ್ಳಬಹುದು. ಇಲ್ಲಿ ಊತವು ಮುನ್ಸೂಚನೆ ಕೊಡುವುದಿಲ್ಲ, ಚುಚ್ಚುಮದ್ದೊಂದೇ ಕಾವಲು.

(ಉ) ಸಿಹಿಮೂತ್ರ ರೋಗವುಳ್ಳವರು ನಿತ್ಯವೂ ಪಾದವನ್ನು ಕಣ್ಣಿನಿಂದ ನೋಡಿಕೊಳ್ಳಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಬಿಳಿಕಣಗಳ ಶಕ್ತಿ ಕುಂದುತ್ತದೆ. ಕಾಲಿನ ನರಗಳು ಜೋಮು ಹಿಡಿಯುವುದರಿಂದ ನೋವೂ ತಿಳಿಯುವುದಿಲ್ಲ. ನೋವಿಲ್ಲವೆಂದು ನಡೆದಾಡುತ್ತಿದ್ದವರು ಕಾಲನ್ನೇ ಕಳೆದುಕೊಂಡ ಸಂಗತಿಗಳು ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಇಂಥವರು ಬರಿಗಾಲಿನಲ್ಲಿ ಗೊಬ್ಬರ ಹರಡಲೇಬಾರದು.

7. ಊತವು ನಂಜಾದುದರ ಗುರುತು

ಸಾಧಾರಣವಾದ ಊತವು ಎರಡು ಮೂರು ದಿನಗಳಲ್ಲಿ ಏರಿ, ಅನಂತರ ಇಳಿಮುಖವಾಗುತ್ತದೆ. ಮೂರನೆಯ ದಿನದ ಮೇಲೆಯೂ ನೋವು ಏರುತ್ತಲೇ ಇದ್ದರೆ, ಕೆಂಪು ಗಂಟೆಗಂಟೆಗೆ ಹರಡುತ್ತಿದ್ದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ, ದುರ್ವಾಸನೆ ಬಂದರೆ, ಚರ್ಮವು ಕಪ್ಪಾದರೆ, ಚಳಿಜ್ವರ, ಏದುಸಿರು ಅಥವಾ ಬುದ್ಧಿಭ್ರಮಣೆಯಾದರೆ, ದೇಹದ ಕಾವಲು ಸೋಲುತ್ತಿದೆಯೆಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲ ದಿನ ಕೆಂಪಿನ ಅಂಚಿಗೆ ಮಸಿಯಿಂದ ಗೆರೆ ಎಳೆದಿಟ್ಟರೆ, ಅದು ಹರಡಿತೇ ಇಲ್ಲವೇ ಎಂಬುದು ಓದು ಬಾರದವರಿಗೂ ಸ್ಪಷ್ಟವಾಗುತ್ತದೆ. ಎತ್ತಿನ ಸಹಜವಾದ ಉಷ್ಣವು ಸುಮಾರು 101ರಿಂದ 102½ ಡಿಗ್ರಿ ಫ್ಯಾರನ್‌ಹೀಟ್. ಬಾವಿನೊಡನೆ ಅದಕ್ಕೆ ಮೀರಿ ಏರಿ, ಎತ್ತು ಮೇವು ಬಿಟ್ಟರೆ ಪಶುವೈದ್ಯರನ್ನು ಕರೆಯಿಸಬೇಕು.

8. ಊತ ಇಳಿಸುವ ಔಷಧಗಳ ವಿಷಯ

ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆದು ನೋವನ್ನೂ ಊತವನ್ನೂ ತಗ್ಗಿಸುತ್ತವೆಂದು ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿಯು 1971ರಲ್ಲಿ ತೋರಿಸಿದನು. ಇವು ನೋವನ್ನು ಅಡಗಿಸುತ್ತವೆಯೇ ಹೊರತು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ಸ್ಟೀರಾಯ್ಡ್ ಎಂಬ ಔಷಧಗಳು ಬಿಳಿಕಣಗಳನ್ನೇ ತಡೆದು ನಿಲ್ಲಿಸುತ್ತವೆ. ವೈದ್ಯರ ಸಲಹೆಯಿಲ್ಲದೆ ನಂಜಾದ ಗಾಯಕ್ಕೆ ಅವನ್ನು ಕೊಡಿಸುವುದು, ಕಳ್ಳರು ಹೊಕ್ಕಿರುವ ಊರಿನಲ್ಲಿ ತಳವಾರನನ್ನು ಕಟ್ಟಿಹಾಕಿದಂತೆ.

ದನಗಳ ವಿಷಯದಲ್ಲಿ ಇನ್ನೊಂದು ಎಚ್ಚರವುಂಟು. ಹೆಗಲು ಬಾವು, ಕುಂಟು ಮುಂತಾದವುಗಳಿಗೆ ಒಂದು ಕಾಲದಲ್ಲಿ ಡೈಕ್ಲೋಫೆನಾಕ್ ಎಂಬ ಔಷಧವನ್ನು ದೇಶದ ಎಲ್ಲ ಕಡೆ ಕೊಡುತ್ತಿದ್ದರು. ಆ ಔಷಧವಿರುವ ದನದ ಹೆಣವನ್ನು ತಿಂದ ರಣಹದ್ದುಗಳು ಮೂತ್ರಪಿಂಡಗಳು ಕೆಟ್ಟು ಸಾಯುತ್ತವೆಂದು 2004ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ನಾಶವಾಗಿದ್ದವು. ದನಗಳಿಗೆ ಈ ಔಷಧವನ್ನು ಭಾರತ ಸರ್ಕಾರವು 2006ರಲ್ಲಿಯೂ, ಕೀಟೊಪ್ರೊಫೇನ್ ಮತ್ತು ಅಸಿಕ್ಲೋಫೆನಾಕ್ ಎಂಬ ಔಷಧಗಳನ್ನು 2023ರಲ್ಲಿಯೂ ನಿಷೇಧಿಸಿತು. ಮೈಸೂರು ಬೆಂಗಳೂರು ಮಾರ್ಗದಲ್ಲಿರುವ ರಾಮನಗರದ ರಾಮದೇವರ ಬೆಟ್ಟವು, ಅಳಿದುಳಿದ ಉದ್ದಕೊಕ್ಕಿನ ರಣಹದ್ದುಗಳ ರಕ್ಷಣೆಗಾಗಿ 2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾಯಿತು. ಮೆಲಾಕ್ಸಿಕಾಮ್ ಎಂಬ ಔಷಧವು ರಣಹದ್ದುಗಳಿಗೆ ಹಾನಿ ಮಾಡುವುದಿಲ್ಲವೆಂದು ಪರೀಕ್ಷೆಗಳಿಂದ ತಿಳಿದಿದೆ. ಪಶುವೈದ್ಯರಲ್ಲಿ ಅದನ್ನೇ ಕೇಳಬಹುದು. ಮನುಷ್ಯರಿಗೆಂದು ಅಂಗಡಿಯಲ್ಲಿ ಮಾರುವ ಡೈಕ್ಲೋಫೆನಾಕನ್ನು ದನಕ್ಕೆ ಚುಚ್ಚಿಸಬಾರದು. ಹೆಣಗಳನ್ನು ತಿಂದು ಊರನ್ನು ಶುಚಿಯಾಗಿಡುವ ಹಕ್ಕಿಗಳು ಇಲ್ಲವಾದರೆ ಆ ಕೊಳೆಯು ನಾಯಿಗಳ ಪಾಲಾಗುತ್ತದೆ, ನೀರಿನ ಪಾಲಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಗಾಯವನ್ನು ತೊಳೆಯುವುದು, ಒಳಗೆ ಹೊಕ್ಕಿದ್ದನ್ನು ತೆಗೆಯಿಸುವುದು, ಅಂಗಕ್ಕೆ ಬಿಡುವು ಕೊಡುವುದು, ಕೆಂಪಿನ ಅಂಚನ್ನು ನೋಡುತ್ತಿರುವುದು, ಈ ನಾಲ್ಕು ಮನುಷ್ಯನ ಪಾಲಿನ ಕೆಲಸಗಳು. ಉಳಿದದ್ದನ್ನು ದೇಹವು ಹಗಲಿರುಳೂ ಮಾಡುತ್ತದೆ. ಗೊಬ್ಬರ ಹರಡುವ ಆಳುಗಳಿಗೆ ಗಟ್ಟಿಯಾದ ಅಟ್ಟೆಯ ಮೆಟ್ಟನ್ನು ಒದಗಿಸುವುದೂ, ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸುವುದೂ ಜಮೀನುದಾರರ ಕರ್ತವ್ಯವಾಗಿದೆ. ಒಂದು ಜೊತೆ ಮೆಟ್ಟಿನ ಬೆಲೆಯು ಒಂದು ಕಾಲಿನ ಬೆಲೆಗಿಂತ ಯಾವಾಗಲೂ ಕಡಿಮೆ. ಗ್ರಾಮದ ಯಜಮಾನರು ಈ ಸಂಗತಿಗಳನ್ನು ಓದು ಬಾರದವರಿಗೆ, ಮುಂಗಾರಿನ ಕೆಲಸ ಮೊದಲಾಗುವ ಮುನ್ನ, ಓದಿ ಹೇಳತಕ್ಕದ್ದು.